ಹತ್ತರಲ್ಲೊಂದು: ಯಾವ ದುಡ್ಡಿನಲ್ಲಿ, ಯಾರ ಪಾಲಿಗೆ?

ಕಾಫಿ ದುಡ್ಡು ಕೈಗೆ ಬರುವ ಹೊತ್ತಿಗೆ ನಮ್ಮ ಕಡೆಯ ಚರ್ಚುಗಳಲ್ಲಿ ಒಂದು ಪ್ರಶ್ನೆ ಓಡಾಡಲು ಶುರುವಾಗುತ್ತದೆ. ಮೂಡಿಗೆರೆಯಲ್ಲೂ ಅದೇ, ಸಕಲೇಶಪುರದಲ್ಲೂ ಅದೇ. ದಶಮಾಂಶ, ಅಂದರೆ ಸಂಪಾದನೆಯಲ್ಲಿ ದೇವರಿಗೆಂದು ಕೊಡುವ ಹತ್ತನೇ ಪಾಲು, ಕೊಡುವುದು ಒಟ್ಟು ಮಾರಾಟದ ಮೇಲೋ, ಖರ್ಚು ಕಳೆದ ಮೇಲೋ? ಸಂಬಳದವರು ಇದನ್ನೇ ಬೇರೆ ರೀತಿ ಕೇಳುತ್ತಾರೆ: ಪಿಎಫ್ ಹಿಡಿಯುವ ಮೊದಲಿನ ಲೆಕ್ಕವೋ, ಬ್ಯಾಂಕಿಗೆ ಬಂದ ಲೆಕ್ಕವೋ? ಹಾಸನದ ಶುಂಠಿ ಬೆಳೆಗಾರನ ಪ್ರಶ್ನೆ ಇನ್ನೂ ಕಷ್ಟದ್ದು: ಈ ವರ್ಷ ಪೂರ್ತಿ ಲಾಸ್, ನಾನೇನು ಕೊಡಲಿ?

ಪಾಸ್ಟರ್ ಒಂದು ಉತ್ತರ ಕೊಡುತ್ತಾರೆ, ಫಾದರ್ ಇನ್ನೊಂದು. ಮೊಬೈಲಿಗೆ ಬರುವ ಪ್ರಸಂಗಗಳಲ್ಲಿ ಮೂರನೆಯದು ಸಿಗುತ್ತದೆ. ಹಾಗಾಗಿ ಬೈಬಲ್ಲಿನ ಕಾಲದಲ್ಲಿ ಈ ಹತ್ತನೇ ಪಾಲು ನಿಜವಾಗಿ ಹೇಗೆ ನಡೆಯುತ್ತಿತ್ತು ಅನ್ನುವುದರಿಂದಲೇ ಶುರು ಮಾಡುವುದು ಒಳ್ಳೆಯದು.

ಹಳೆಯ ಲೆಕ್ಕ

ಮೋಶೆಯ ನಿಯಮಕ್ಕಿಂತ ಮೊದಲೇ ಹತ್ತನೇ ಪಾಲಿನ ಸುದ್ದಿ ಇದೆ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 14ನೇ ಅಧ್ಯಾಯದಲ್ಲಿ ಅಬ್ರಾಮ ಯುದ್ಧ ಗೆದ್ದು ಬಂದು ರಾಜನೂ ಯಾಜಕನೂ ಆಗಿದ್ದ ಮೆಲ್ಕಿಚೆದೆಕನಿಗೆ ಹತ್ತರಲ್ಲೊಂದು ಕೊಟ್ಟ. 28ನೇ ಅಧ್ಯಾಯದಲ್ಲಿ ಯಾಕೋಬ ಮನೆ ಬಿಟ್ಟು ಹೋಗುತ್ತಿದ್ದಾನೆ. ದೇವರು ಅನ್ನ ಬಟ್ಟೆ ಕೊಟ್ಟು ಸುಖವಾಗಿ ವಾಪಸ್ ಕರೆತಂದರೆ ಹತ್ತರಲ್ಲೊಂದು ಕೊಡುತ್ತೇನೆ ಎಂದು ಹರಕೆ ಹೊರುತ್ತಾನೆ. ಇವೆರಡೂ ಅವರವರು ತಾವಾಗಿ ಮಾಡಿದ್ದು. ಯಾರೂ ಬಂದು ಕೇಳಿರಲಿಲ್ಲ.

ಮೋಶೆಯ ಕಾಲಕ್ಕೆ ಅದು ನಿಯಮವಾಯಿತು. ಇಸ್ರಾಯೇಲರ ಕುಲಗಳಲ್ಲಿ ಲೇವಿಯರಿಗೆ ಮಾತ್ರ ಜಮೀನಿನ ಪಾಲು ಸಿಗಲಿಲ್ಲ. ಅವರು ದೇವಾಲಯದ ಕೆಲಸ ನೋಡಿಕೊಳ್ಳಬೇಕು. ಉಳಿದವರು ತಮ್ಮ ಬೆಳೆಯಲ್ಲಿ ಹತ್ತನೇ ಒಂದು ಪಾಲನ್ನು ಅವರಿಗೆ ಕೊಡಬೇಕು. ಅರಣ್ಯಕಾಂಡ 18 ಇದನ್ನು ಹೇಳುತ್ತದೆ. ಲೇವಿಯರಿಗೂ ಬಿಡುವಿಲ್ಲ. ಬಂದದ್ದರಲ್ಲಿ ಹತ್ತನೇ ಒಂದನ್ನು ಅವರು ಯಾಜಕರಿಗೆ ಕೊಡಬೇಕಿತ್ತು. ಪಾಲು ತೆಗೆದುಕೊಳ್ಳುವವನೂ ಪಾಲು ಕೊಡಬೇಕು ಅನ್ನುವುದು ಆಗಲೇ ಇತ್ತು.

ಧರ್ಮೋಪದೇಶಕಾಂಡ 14ಕ್ಕೆ ಬಂದರೆ ಬೇರೆಯೇ ಚಿತ್ರ. ಅಲ್ಲಿ ಹತ್ತನೇ ಪಾಲನ್ನು ಕೊಡುವ ಮನೆಯವರೇ ದೇವರ ಸನ್ನಿಧಿಯಲ್ಲಿ ಕೂತು ಊಟ ಮಾಡಬೇಕು! ದಾರಿ ದೂರವಾದರೆ ಬೆಳೆ ಮಾರಿ, ಬೆಳ್ಳಿ ಮಾಡಿಕೊಂಡು ಹೋಗಬಹುದು. ಅಲ್ಲಿ ದನವೋ ಕುರಿಯೋ ದ್ರಾಕ್ಷಾರಸವೋ, ಮನಸ್ಸಿಗೆ ಬಂದದ್ದನ್ನು ಕೊಂಡು, ಮನೆಮಂದಿಯೆಲ್ಲ ಸಂತೋಷಪಡಬೇಕು. ಊರಿನ ಲೇವಿಯನನ್ನು ಮಾತ್ರ ಮರೆಯಬಾರದು. ದಶಮಾಂಶದ ಪ್ರಸಂಗಗಳಲ್ಲಿ ಈ ಭಾಗ ನನ್ನ ಕಿವಿಗೆ ಬಿದ್ದದ್ದು ಕಡಿಮೆ. ದಶಮಾಂಶದಲ್ಲಿ ಹಬ್ಬದೂಟ ಅಂದರೆ ಕಮಿಟಿಯವರಿಗೆ ಅಷ್ಟು ರುಚಿಸುವುದಿಲ್ಲ, ಅಲ್ವಾ?

ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಇದೆ. ಮೂರು ವರ್ಷಕ್ಕೊಮ್ಮೆ ಆ ವರ್ಷದ ಪಾಲನ್ನು ದೂರ ಎಲ್ಲೂ ಒಯ್ಯದೆ ಅವರವರ ಊರಲ್ಲೇ ಕೂಡಿಡಬೇಕು. ಅದು ಲೇವಿಯನಿಗೆ, ಹೊರಗಿನಿಂದ ಬಂದು ನೆಲೆಸಿದವನಿಗೆ, ತಂದೆಯಿಲ್ಲದ ಮಕ್ಕಳಿಗೆ, ವಿಧವೆಗೆ. ಅವರು ಬಂದು ಹೊಟ್ಟೆ ತುಂಬ ಉಣ್ಣಬೇಕು ಎಂದೇ ಬರೆದಿದೆ.

ಇವು ಮೂರನ್ನೂ ಬೇರೆ ಬೇರೆಯಾಗಿ ಎಣಿಸಿದರೆ ಒಂದು ಮನೆಯಿಂದ ಸರಾಸರಿ ಶೇ. 23ರ ಹತ್ತಿರ ಹೋಗುತ್ತದೆ. ಮೂರನೇ ವರ್ಷದ ಪಾಲು ಹಬ್ಬದ ಪಾಲಿನ ಬದಲಿಗೆ ಎಂದು ಹಿಡಿದರೆ ಶೇ. 20. ಯೆಹೂದ್ಯ ಪಂಡಿತರಲ್ಲೇ ಎರಡೂ ಲೆಕ್ಕ ಇದ್ದವು. ಏಳನೇ ವರ್ಷ ಭೂಮಿಗೆ ರಜೆ, ಬಿತ್ತನೆಯೇ ಇಲ್ಲ. ಒಟ್ಟಿನಲ್ಲಿ "ಬೈಬಲ್ ಶೇ. 10 ಎಂದಿದೆ" ಅನ್ನುವವರು ಅರ್ಧ ಓದಿರುತ್ತಾರೆ.

ದನಕುರಿಗಳ ಲೆಕ್ಕ ಯಾಜಕಕಾಂಡ 27ರಲ್ಲಿದೆ. ಕೋಲಿನ ಕೆಳಗೆ ಒಂದೊಂದಾಗಿ ದಾಟಿಸಬೇಕು. ಹತ್ತನೆಯದು ದೇವರದ್ದು. ಚೆನ್ನಾಗಿರುವುದನ್ನು ಉಳಿಸಿಕೊಂಡು ಬಡಕಲನ್ನು ಮುಂದೆ ತಳ್ಳುವ ಹಾಗಿಲ್ಲ. ಹಾಗೆ ನೋಡಿದರೆ ಒಂಬತ್ತೇ ಕುರಿ ಇದ್ದವನ ಕೋಲಿನ ಕೆಳಗೆ ಹತ್ತನೆಯದು ಬರುವುದೇ ಇಲ್ಲ.

ನನಗೆ ಮುಖ್ಯ ಅನ್ನಿಸುವುದು ಇಲ್ಲಿದೆ. ಆ ನಿಯಮ ಮಾತಾಡುವುದು ಧಾನ್ಯ, ಹಣ್ಣು, ದನಕುರಿಗಳ ಬಗ್ಗೆ. ಅಂದರೆ ಜಮೀನು ಇದ್ದವರ ಬಗ್ಗೆ. ಜಮೀನಿಲ್ಲದ ಕೂಲಿಯವನು, ಗಂಡ ಸತ್ತ ಹೆಂಗಸು, ಹೊರಗಿನಿಂದ ಬಂದವನು ಆ ಲೆಕ್ಕದಲ್ಲಿ ಪಡೆಯುವ ಕಡೆ ಇದ್ದರು. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಇರುವವರನ್ನು ನೆನೆಸಿಕೊಳ್ಳಿ. ಅಸ್ಸಾಂನಿಂದ, ಜಾರ್ಖಂಡ್‌ನಿಂದ ಕಾಫಿ ಕುಯ್ಲಿಗೆ ಬಂದವರಿದ್ದಾರೆ. ಮೋಶೆಯ ಪಟ್ಟಿಯಲ್ಲಿ ಅವರ ಹೆಸರು ಯಾವ ಕಡೆ ಬರುತ್ತಿತ್ತು? ಈ ಪ್ರಶ್ನೆ ಕೇಳದೆ ಎಲ್ಲರ ಮುಂದೆಯೂ ಒಂದೇ ಶೇ. 10 ಇಡುವುದು ನನಗೆ ಸರಿ ಕಾಣುವುದಿಲ್ಲ.

ಮಲಾಕಿಯನ ಮೂರನೇ ಅಧ್ಯಾಯ

ದಶಮಾಂಶ ಅಂದ ಕೂಡಲೇ ಎಲ್ಲರ ಬಾಯಿಗೂ ಬರುವುದು ಪ್ರವಾದಿ ಮಲಾಕಿಯನ ಪುಸ್ತಕದ 3ನೇ ಅಧ್ಯಾಯದ 8ರಿಂದ 10ನೇ ವಚನ. ನೀವು ದೇವರಿಂದ ಕದ್ದಿದ್ದೀರಿ, ದಶಮಾಂಶವನ್ನೆಲ್ಲ ಬಂಡಾರಕ್ಕೆ ತನ್ನಿ, ನನ್ನನ್ನು ಪರೀಕ್ಷಿಸಿ ನೋಡಿ, ಆಕಾಶದ ದ್ವಾರ ತೆರೆದು ಸುರಿಸುತ್ತೇನೋ ಇಲ್ಲವೋ ಅನ್ನುವ ಮಾತು. ಇದನ್ನು ಹೇಳಿ ಹೆದರಿಸುವವರೂ ಇದ್ದಾರೆ, ಆಸೆ ಹುಟ್ಟಿಸುವವರೂ ಇದ್ದಾರೆ. ಸಾವಿರ ಕೊಡು ಲಕ್ಷ ಬರುತ್ತೆ, ಕೊಡದಿದ್ದರೆ ಆಸ್ಪತ್ರೆಗೆ ಸುರಿಯುತ್ತೀಯ ಅನ್ನುವ ಧಾಟಿ.

ಆ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ. 5ನೇ ವಚನದಲ್ಲಿ ದೇವರು ಯಾರ ವಿರುದ್ಧ ಸಾಕ್ಷಿಗೆ ನಿಲ್ಲುತ್ತೇನೆ ಅನ್ನುತ್ತಾನೆ ನೋಡಿ. ಕೂಲಿಯವನ ಕೂಲಿ ನುಂಗುವವರು, ವಿಧವೆಯನ್ನೂ ಅನಾಥರನ್ನೂ ಹಿಂಸಿಸುವವರು, ಪರದೇಶಿಗೆ ನ್ಯಾಯ ತಪ್ಪಿಸುವವರು. ಇದಾಗಿ ಮೂರು ವಚನಕ್ಕೆ ದಶಮಾಂಶದ ಮಾತು ಬರುತ್ತದೆ. ದಶಮಾಂಶ ಬಾರದೆ ಇದ್ದಾಗ ಹಸಿದವರು ಯಾರು ಅಂದರೆ ಇದೇ ಜನ. ಆ ಪುಸ್ತಕದ ಮೊದಲೆರಡು ಅಧ್ಯಾಯಗಳಲ್ಲಿ ಬೈಸಿಕೊಳ್ಳುವವರಲ್ಲಿ ಯಾಜಕರೂ ಇದ್ದಾರೆ. ಕುಂಟು ಕುರುಡು ಪ್ರಾಣಿಗಳನ್ನು ಬಲಿಗೆ ತಂದದ್ದಕ್ಕೆ, ಜನರಿಗೆ ತಪ್ಪು ಬೋಧಿಸಿದ್ದಕ್ಕೆ. ಆ ಭಾಗವನ್ನು ವೇದಿಕೆಯಿಂದ ಓದಲು ಸ್ವಲ್ಪ ಧೈರ್ಯ ಬೇಕು.

"ಬಂಡಾರ" ಅಂದರೆ ದೇವಾಲಯದ ಉಗ್ರಾಣ. ಧಾನ್ಯ, ಎಣ್ಣೆ, ದ್ರಾಕ್ಷಾರಸ ಇಡುವ ಕೋಣೆಗಳು. ನೆಹೆಮೀಯ 13ರಲ್ಲಿ ಆ ಉಗ್ರಾಣದ ಕತೆ ಇದೆ. ಪಾಲು ಬಾರದೆ ಲೇವಿಯರು ಕೆಲಸ ಬಿಟ್ಟು ತಂತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ಯೆಹೂದ್ಯರ ರಾಜ್ಯಪಾಲನಾಗಿದ್ದ ನೆಹೆಮೀಯ ಬಂದು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡ. ಜನ ಮತ್ತೆ ಧಾನ್ಯ ತಂದರು. ಅಷ್ಟಕ್ಕೇ ಬಿಡದೆ ಉಗ್ರಾಣ ನೋಡಿಕೊಳ್ಳಲು ಒಬ್ಬ ಯಾಜಕ, ಒಬ್ಬ ಶಾಸ್ತ್ರಿ, ಒಬ್ಬ ಲೇವಿಯನನ್ನು ನೇಮಿಸಿದ. ಅವರ ಜೊತೆಗೆ ಒಬ್ಬ ಸಹಾಯಕ. ನಂಬಿಕೆಗೆ ಯೋಗ್ಯರು ಅನ್ನುವ ಕಾರಣಕ್ಕೆ ಅವರನ್ನು ಆರಿಸಿದ ಎಂದು ಅಲ್ಲೇ ಇದೆ. ಒಬ್ಬರ ಕೈಗೆ ಬೀಗದಕೈ ಕೊಡಲಿಲ್ಲ.

ಹಾಗಾದರೆ ಆಶೀರ್ವಾದದ ಮಾತು ಸುಳ್ಳೇ? ಇಲ್ಲ. ಆದರೆ ಅದು ಒಂದಿಡೀ ನಾಡಿಗೆ ಹೇಳಿದ್ದು. ಕೊಟ್ಟರೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ, ಹುಳ ಬೆಳೆ ತಿನ್ನುವುದಿಲ್ಲ, ಎಲ್ಲರಿಗೂ ಸಾಕಾಗುತ್ತದೆ ಅನ್ನುವ ಮಾತು. ಒಬ್ಬ ಮನುಷ್ಯನಿಗೆ ಕಾರು ಬರುತ್ತದೆ ಎಂದು ಅಲ್ಲಿ ಬರೆದಿಲ್ಲ. ದಶಮಾಂಶ ತಪ್ಪದೆ ಕೊಟ್ಟ ಬೆಳೆಗಾರನ ತೋಟಕ್ಕೂ ಬಿಳಿಕಾಂಡ ಕೊರಕ ಬರುತ್ತದೆ. ಕೊಯ್ಲಿನ ನಡುವೆ ಅಕಾಲ ಮಳೆ ಬಂದರೆ ಕಣದಲ್ಲಿ ಒಣಗಲು ಹಾಕಿದ ಎಲ್ಲರ ಕಾಫಿಯೂ ನೆನೆಯುತ್ತದೆ.

ಯೇಸು ಏನು ಹೇಳಿದ?

ಸುವಾರ್ತೆಗಳಲ್ಲಿ ದಶಮಾಂಶದ ಮಾತು ಬರುವುದು ತುಂಬಾ ಕಡಿಮೆ. ಮತ್ತಾಯ 23ರಲ್ಲಿ, ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡವಾದ ಫರಿಸಾಯರಿಗೆ ಯೇಸು ಹೇಳುತ್ತಾನೆ: ಹಿತ್ತಲ ಪುದೀನ, ಸೋಪು, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸಿ ಕೊಡುತ್ತೀರಿ, ನ್ಯಾಯ ಕರುಣೆ ನಂಬಿಗಸ್ತಿಕೆಯನ್ನು ಬಿಟ್ಟಿದ್ದೀರಿ, ಅದನ್ನೂ ಮಾಡಬೇಕಿತ್ತು, ಇದನ್ನೂ ಬಿಡಬಾರದಿತ್ತು ಎಂದು. ಲೂಕ 18ರಲ್ಲಿ ಒಬ್ಬ ಫರಿಸಾಯ ತನ್ನ ದಶಮಾಂಶವನ್ನು ಪ್ರಾರ್ಥನೆಯಲ್ಲೇ ಹೇಳಿಕೊಳ್ಳುತ್ತಾನೆ. ಅವನಿಗೆ ಮೆಚ್ಚುಗೆ ಸಿಗುವುದಿಲ್ಲ.

ಆದರೆ ಹಣದ ಬಗ್ಗೆ ಯೇಸು ಮಾತಾಡಿದ್ದು ಕಡಿಮೆಯಲ್ಲ. ಯೇಸುವನ್ನು ಮನೆಗೆ ಕರೆದ ಸುಂಕದವ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ ಅಂದ. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಮಾಡುತ್ತೇನೆ ಅಂದ. ಅಲ್ಲಿ ಶೇ. 10ರ ಲೆಕ್ಕವೇ ಇಲ್ಲ. ಬಡ ವಿಧವೆ ಎರಡು ಚಿಲ್ಲರೆ ಕಾಸು ಹಾಕಿದಳು, ಎಲ್ಲರಿಗಿಂತ ಜಾಸ್ತಿ ಹಾಕಿದವಳು ಅವಳೇ ಎಂದು ಯೇಸು ಹೇಳಿದ. ಈ ಕತೆಯನ್ನೂ ಕಾಣಿಕೆ ಎತ್ತುವ ಮುಂಚೆ ಹೇಳುವುದು ವಾಡಿಕೆ. ಮಾರ್ಕ 12ರಲ್ಲಿ ಅದರ ಹಿಂದಿನ ಮಾತು ಏನು? ಶಾಸ್ತ್ರಿಗಳು ವಿಧವೆಯರ ಮನೆಗಳನ್ನು ನುಂಗುತ್ತಾರೆ, ಜನರಿಗೆ ಕಾಣಲೆಂದು ಉದ್ದುದ್ದ ಪ್ರಾರ್ಥನೆ ಮಾಡುತ್ತಾರೆ ಎಂದು. ಎರಡನ್ನೂ ಸೇರಿಸಿ ಓದಿದರೆ ವಿಧವೆಯ ಕೊನೆಯ ಕಾಸನ್ನು ತೆಗೆದುಕೊಳ್ಳುವ ಕೈಗೂ ಒಂದು ಪ್ರಶ್ನೆ ಇದೆ ಅನ್ನಿಸುತ್ತದೆ.

ಮಾರ್ಕ 7 ನಮ್ಮ ಮನೆಗಳಿಗೆ ನೇರವಾಗಿ ತಾಗುತ್ತದೆ. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು "ಇದು ದೇವರಿಗೆ ಮೀಸಲು" ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಗದರಿಸುತ್ತಾನೆ. ಅವ್ವನ ಬಿಪಿ ಮಾತ್ರೆ ನಿಲ್ಲಿಸಿ ಚರ್ಚಿಗೆ ಕೊಟ್ಟ ದುಡ್ಡು ಈ ಸಾಲಿಗೇ ಸೇರುತ್ತದೆ.

ಯೇಸುವಿನ ನಂತರ ಊರೂರಿಗೆ ಹೋಗಿ ಬೋಧಿಸಿದ ಪೌಲ ತನ್ನ ಸಭೆಗಳಿಗೆ (ಚರ್ಚುಗಳಿಗೆ) ಬರೆದ ಪತ್ರಗಳಲ್ಲಿ ಶೇಕಡಾ ಹೇಳುವುದಿಲ್ಲ. ಯೆರೂಸಲೇಮಿನ ಬಡವರಿಗೆ ಚಂದಾ ಎತ್ತುವಾಗ ಅವನು ಕೊಟ್ಟ ಸಲಹೆಗಳು ಮಾತ್ರ ತುಂಬಾ ಕೆಲಸಕ್ಕೆ ಬರುವಂಥವು. ವಾರದ ಮೊದಲ ದಿನ ಅವರವರ ಸಂಪಾದನೆಗೆ ತಕ್ಕಂತೆ ಎತ್ತಿಡಿ, ನಾನು ಬಂದಾಗ ಗಡಿಬಿಡಿ ಬೇಡ. ಇದು ಒಂದನೇ ಕೊರಿಂಥ 16. ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ, ಇರುವುದರಲ್ಲಿ ಕೊಟ್ಟರೆ ಸಾಕು ಅನ್ನುತ್ತಾನೆ. 9ರಲ್ಲಿ, ಒತ್ತಾಯಕ್ಕೆ ಕೊಡಬೇಡಿ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಖುಷಿಯಿಂದ ಕೊಡಿ. ಶುಂಠಿಯಲ್ಲಿ ಕೈ ಸುಟ್ಟುಕೊಂಡವನಿಗೆ ಉತ್ತರ ಇಲ್ಲೇ ಇದೆ. ಸಂಘದಲ್ಲಿ ಸಾಲ ಎತ್ತಿ ದಶಮಾಂಶ ಕೊಡು ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ.

ರೈಟರ್ ಕೈಯಲ್ಲಿನ ಬೀಗದಕೈ

ಇದೆಲ್ಲದರ ಹಿಂದೆ ಒಂದು ನಂಬಿಕೆ ಇದೆ. ಭೂಮಿ ನನ್ನದು, ನೀವು ನನ್ನ ಹತ್ತಿರ ಬಂದು ಉಳಿದವರು ಎಂದು ಯಾಜಕಕಾಂಡ 25ರಲ್ಲಿ ದೇವರು ಹೇಳುತ್ತಾನೆ. ಕ್ರೈಸ್ತರು ಮನೆವಾರ್ತೆತನ ಅನ್ನುವುದು ಇದನ್ನೇ. ತೋಟದ ಲೆಕ್ಕ ಬರೆಯುವ ರೈಟರ್ ಕೆಲಸ ಗೊತ್ತಿರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಗೋಡೌನ್ ಬೀಗದಕೈ ಅವನ ಹತ್ತಿರ, ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಅವನ ಹತ್ತಿರ, ಗೊಬ್ಬರ ಎಷ್ಟು ಚೀಲ ಹೋಯಿತು ಅವನಿಗೆ ಗೊತ್ತು. ತೋಟ ಮಾತ್ರ ಅವನದ್ದಲ್ಲ. ಅವನ ಸಂಬಳ ಅವನು ತಿನ್ನುತ್ತಾನೆ, ಅದರಲ್ಲಿ ತಪ್ಪಿಲ್ಲ. ಸಾಹುಕಾರರು ಕೇಳಿದ ದಿನ ಪೂರ್ತಿ ಲೆಕ್ಕ ಕೊಡಬೇಕು.

ಹೀಗೆ ನೋಡಿದರೆ ಹತ್ತರಲ್ಲಿ ಒಂದು ದೇವರಿಗೆ, ಒಂಬತ್ತು ನನಗೆ ಅನ್ನುವ ಭಾಗವೇ ಬಿದ್ದುಹೋಗುತ್ತದೆ. ಆ ಒಂಬತ್ತರ ಲೆಕ್ಕವನ್ನೂ ಕೇಳುವವರಿದ್ದಾರೆ. ಮಗಳ ಮದುವೆಗೆ ಎಷ್ಟು ಖರ್ಚು ಮಾಡಿದೆ, ಯಾರಿಗೆ ಎಷ್ಟು ಬಡ್ಡಿಗೆ ಕೊಟ್ಟೆ, ಕೂಲಿ ಎಷ್ಟು ಕೊಟ್ಟೆ, ಎಲ್ಲವೂ ಅದರಲ್ಲಿ ಬರುತ್ತದೆ.

ಮೆಥೊಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ ಹೇಳಿದ ಒಂದು ಲೆಕ್ಕ ಇಲ್ಲಿ ನೆನಪಾಗುತ್ತದೆ. ಹಾಸನದ ರೆಡ್‌ಫರ್ನ್ ಆಸ್ಪತ್ರೆ ಅದೇ ವೆಸ್ಲಿಯನ್ ಮಿಷನ್‌ನ ಕಾಲದ್ದು, ಹಾಗಾಗಿ ಆ ಹೆಸರು ನಮ್ಮ ಕಡೆಗೆ ಹೊಸದಲ್ಲ. ಆಕ್ಸ್‌ಫರ್ಡ್‌ನ ಒಬ್ಬ ಯುವಕನಿಗೆ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು. 28ರಲ್ಲಿ ಬದುಕಿ 2 ಪೌಂಡ್ ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ಆ ಯುವಕ ವೆಸ್ಲಿಯೇ ಎಂದು ತುಂಬಾ ಜನ ತಿಳಿಯುತ್ತಾರೆ. ಶೇಕಡಾ ನೋಡಿ: ಮೊದಲ ವರ್ಷ ಶೇ. 7ಕ್ಕಿಂತ ಕಡಿಮೆ, ನಾಲ್ಕನೇ ವರ್ಷ ಶೇ. 76ಕ್ಕಿಂತ ಜಾಸ್ತಿ. ಮೊದಲ ವರ್ಷದ ಅವನಿಗೆ ಈಗಿನ ಕೆಲವು ಸಭೆಗಳಲ್ಲಿ ಒಳ್ಳೆಯ ಮಾತು ಸಿಗುತ್ತಿರಲಿಲ್ಲ!

ತೆರಿಗೆಯಾಗಿ ಹೋದ ಕಾಲ

ಯುರೋಪಿನಲ್ಲಿ ಒಂದು ಕಾಲಕ್ಕೆ ದಶಮಾಂಶ ಸರ್ಕಾರದ ಕಾನೂನೇ ಆಗಿತ್ತು. 585ರಲ್ಲಿ ಈಗಿನ ಫ್ರಾನ್ಸ್‌ನ ಮಾಕೋನ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ಅದನ್ನು ಕಡ್ಡಾಯ ಎಂದಿತು. 779ರಲ್ಲಿ ಫ್ರಾಂಕರ ರಾಜ ಶಾರ್ಲಮೇನ್ ತನ್ನ ರಾಜ್ಯದಲ್ಲಿ ಕಾನೂನು ಮಾಡಿದ. ಮುಂದೆ ಆ ಪಾಲು ಎಷ್ಟೋ ಕಡೆ ಜಮೀನ್ದಾರರ ಕೈ ಸೇರಿತು, ರೈತರು ಅದನ್ನು ಶಪಿಸತೊಡಗಿದರು. 1789ರ ಕ್ರಾಂತಿಯಲ್ಲಿ ಫ್ರಾನ್ಸ್ ಅದನ್ನು ಕಿತ್ತುಹಾಕಿತು. ಇಂಗ್ಲೆಂಡಿನಲ್ಲಿ 1836ರ ಕಾನೂನು ಧಾನ್ಯದ ಬದಲು ಹಣ ಮಾಡಿತು. ಒತ್ತಾಯ ಬಂದ ಮೇಲೆ ಪೌಲ ಹೇಳಿದ ಖುಷಿ ಎಲ್ಲಿ ಉಳಿಯುತ್ತದೆ?

ಈಗ ನಮ್ಮಲ್ಲಿ ಒಂದೊಂದು ಸಭೆಯದು ಒಂದೊಂದು ರೀತಿ. ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು ಸೇರಿ ಕಥೋಲಿಕರಿಗೆ ಒಂದೇ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್‌ರ ಆಡಳಿತದ ಪ್ರದೇಶ. 1963ರಲ್ಲಿ ಅದು ಆಯಿತು. ಕಥೋಲಿಕ ಸಭೆಯ 1983ರ ಕಾನೂನಿನ 222ನೇ ವಿಧಿ ಸಭೆಯ ಅಗತ್ಯಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯ ಎನ್ನುತ್ತದೆ. ಎಷ್ಟು ಎಂದು ಹೇಳುವುದಿಲ್ಲ. 1947ರಲ್ಲಿ ಹುಟ್ಟಿದ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ತಿಂಗಳ ಚಂದಾ, ಭಾನುವಾರದ ಕಾಣಿಕೆ, ಸ್ತೋತ್ರ ಕಾಣಿಕೆ ಇವೆ. ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳಲ್ಲಿ ದಶಮಾಂಶದ ಬೋಧನೆ ಜೋರು. ಅದಕ್ಕೆ ಕಾರಣವೂ ಇದೆ. ಸಣ್ಣ ಊರಿನ ಸ್ವತಂತ್ರ ಸಭೆಯ ಪಾಸ್ಟರಿಗೆ ಮೇಲಿನಿಂದ ಸಂಬಳ ಕಳಿಸುವವರಿಲ್ಲ. ಶೀಟ್ ಹಾಕಿದ ಹಾಲ್‌ನ ಬಾಡಿಗೆ, ಮಕ್ಕಳ ಸ್ಕೂಲ್ ಫೀಸ್, ಮನೆ ಸಾಮಾನು, ಎಲ್ಲ ಆ ಮೂವತ್ತು ನಲವತ್ತು ಮನೆಗಳಿಂದಲೇ ಬರಬೇಕು. ಅವರನ್ನು ಸುಮ್ನೆ ದುಡ್ಡಿನ ಆಸೆಯವರು ಅನ್ನುವುದು ಅನ್ಯಾಯ.

ದುಡ್ಡಿಲ್ಲದವರೂ ಕೊಡುವ ದಾರಿಗಳು ಇದ್ದೇ ಇವೆ. ಮಿಜೋರಾಂನ ಹೆಂಗಸರು 1910ರಿಂದ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ಎತ್ತಿಟ್ಟು ಚರ್ಚಿಗೆ ಕೊಡುತ್ತಾ ಬಂದಿದ್ದಾರೆ. ನಮ್ಮಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಹುಟ್ಟುಹಬ್ಬ) ಹೊಸ ಭತ್ತದ ತೆನೆಯನ್ನು ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಸಿಎಸ್‌ಐ ಸಭೆಗಳ ಸುಗ್ಗಿ ಹಬ್ಬದ ಹರಾಜು ನನಗೆ ತುಂಬಾ ಇಷ್ಟ. ಲೈನ್ ಮನೆಯಾಕೆ ಹಿತ್ತಲ ಸೀಮೆಬದನೆ ತಂದಿಡುತ್ತಾಳೆ, ಬೆಳೆಗಾರರು ಪೈಪೋಟಿಯಲ್ಲಿ ಅದಕ್ಕೆ ಸಂತೆಯ ಹತ್ತರಷ್ಟು ಕೂಗಿ ಕೊಳ್ಳುತ್ತಾರೆ. ಕಾಣಿಕೆ ಯಾರದ್ದು ಎಂದು ಕೇಳಿದರೆ ಇಬ್ಬರದ್ದೂ.

ಸರಿ, ಯಾವುದರ ಮೇಲೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಒಬ್ಬ ಬೆಳೆಗಾರ ಕಾಫಿ, ಮೆಣಸು ಮಾರಿ 12 ಲಕ್ಷ ರೂಪಾಯಿ ಪಡೆದ ಅಂದುಕೊಳ್ಳಿ. ಕೂಲಿ, ಗೊಬ್ಬರ, ಔಷಧಿ, ಸ್ಪ್ರಿಂಕ್ಲರ್‌ಗೆ ಡೀಸೆಲ್, ಪಲ್ಪರ್ ರಿಪೇರಿ ಸೇರಿ 7 ಲಕ್ಷ ಖರ್ಚು. ಮಾರಾಟದ ಮೇಲೆ ಹತ್ತನೇ ಪಾಲು 1,20,000. ಉಳಿದ 5 ಲಕ್ಷದ ಮೇಲೆ 50,000. ಬೈಬಲ್ ಹೊಲದ ಬೆಳೆಯಲ್ಲಿ ಹತ್ತನೇ ಪಾಲು ಅನ್ನುತ್ತದೆ. ಆದರೆ ಆಗಿನ ರೈತ ಅಂಗಡಿಯಿಂದ ಯೂರಿಯಾ ತರುತ್ತಿರಲಿಲ್ಲ. ಹಾಗಾಗಿ ನೇರ ಉತ್ತರ ಅಲ್ಲಿಲ್ಲ.

ನನ್ನ ಅಭಿಪ್ರಾಯ ಹೀಗಿದೆ. ತೋಟದ ಖರ್ಚು ಕಳೆಯುವುದು ನ್ಯಾಯ, ಏಕೆಂದರೆ ಆಳುಗಳ ಕೂಲಿ ಎಂದೂ ಸಾಹುಕಾರನ ಆದಾಯ ಆಗಿರಲಿಲ್ಲ. ಆದರೆ ಮನೆ ಖರ್ಚನ್ನು ತೋಟದ ಖರ್ಚಿನಲ್ಲಿ ತೂರಿಸಬಾರದು. ಹೊಸ ಜೀಪಿನ ಕಂತು, ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆ, ಇವನ್ನೂ ಕಳೆಯುತ್ತಾ ಹೋದರೆ ಎಂಥ ದೊಡ್ಡ ಎಸ್ಟೇಟಿನಲ್ಲೂ ಕೊನೆಗೆ ಸೊನ್ನೆಯೇ ಉಳಿಯುವುದು. ಸಂಬಳದವರು ಪಿಎಫ್ ದುಡ್ಡನ್ನು ಈಗ ಎಣಿಸಲಿ, ಇಲ್ಲವೇ ಕೈಗೆ ಬಂದಾಗ ಎಣಿಸಲಿ. ಎರಡು ಸಲ ಬೇಕಿಲ್ಲ, ಒಂದು ಸಲವೂ ಇಲ್ಲ ಅನ್ನುವುದೂ ಬೇಡ.

ತಿಂಗಳಿಗೆ 15,000 ದುಡಿಯುವ ಮನೆ 1,500 ಕೊಟ್ಟರೆ ಉಳಿಯುವುದು 13,500. ಅಷ್ಟರಲ್ಲಿ ಅಕ್ಕಿ, ಔಷಧಿ, ಬಸ್ ಚಾರ್ಜು ಎಲ್ಲ ಆಗಬೇಕು. 2 ಲಕ್ಷ ಬರುವ ಮನೆ 20,000 ಕೊಟ್ಟರೆ 1,80,000 ಉಳಿಯುತ್ತದೆ. ಶೇಕಡಾ ಒಂದೇ, ಭಾರ ಬೇರೆ. ಮೊದಲನೆಯವರು 200 ಕೊಟ್ಟರೂ ತಲೆ ತಗ್ಗಿಸಬೇಕಿಲ್ಲ. ಎರಡನೆಯವರು ಶೇ. 10ಕ್ಕೆ ನಿಂತು ಮುಗಿಯಿತು ಅನ್ನುವುದು ವೆಸ್ಲಿಯ ಲೆಕ್ಕಕ್ಕೆ ತುಂಬಾ ಕಡಿಮೆ.

ಕೊಡುವ ಅಭ್ಯಾಸಕ್ಕೆ ಪೌಲನ ದಾರಿಯೇ ಸಲೀಸು. ಬಂದ ದಿನವೇ ಎತ್ತಿಡುವುದು. ಒಂದು ಕವರ್, ಇಲ್ಲವೇ ಬ್ಯಾಂಕಿನಲ್ಲಿ ಬೇರೆ ಖಾತೆ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡುತ್ತೇನೆ ಅಂದವರ ಕೈಯಲ್ಲಿ ಉಳಿದದ್ದನ್ನು ನಾನು ಕಂಡಿಲ್ಲ. ಕಾಫಿಯವರಿಗೆ ತಿಂಗಳ ಲೆಕ್ಕ ಹೊಂದುವುದಿಲ್ಲ. ಅವರು ವರ್ಷದ ಪಾಲನ್ನು ಎತ್ತಿಟ್ಟು ಹನ್ನೆರಡು ತಿಂಗಳಿಗೆ ಹಂಚಿದರೆ ಸಭೆಗೂ ಅನುಕೂಲ. ಮಳೆಗಾಲದ ತಿಂಗಳುಗಳಲ್ಲಿ ಕಾಣಿಕೆ ಚೀಲ ಹಗುರ ಆಗುವುದು ಮಲೆನಾಡಿನ ಎಲ್ಲ ಖಜಾಂಚಿಗಳಿಗೂ ಗೊತ್ತು.

ಬಟವಾಡೆ ಮೊದಲು

ಕೊಡುವುದಕ್ಕೆ ಮುಂಚೆ ಕೊಡಬೇಕಾದ್ದು ಬಾಕಿ ಇದೆಯೇ ನೋಡಬೇಕು. ದಿನಗೂಲಿಯವನಿಗೆ ಹೊತ್ತು ಮುಳುಗುವ ಮೊದಲೇ ಕೂಲಿ ಕೊಡು ಎಂದು ಧರ್ಮೋಪದೇಶಕಾಂಡ 24 ಹೇಳುತ್ತದೆ. ಯಾಕೋಬನ ಪತ್ರದ 5ನೇ ಅಧ್ಯಾಯ ಇನ್ನೂ ಖಾರ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎನ್ನುತ್ತದೆ. ಶನಿವಾರದ ಬಟವಾಡೆ ಮುಂದಕ್ಕೆ ಹಾಕಿ ಭಾನುವಾರ ಚರ್ಚಿನಲ್ಲಿ ದಪ್ಪ ಕವರ್ ಹಾಕಿದರೆ ಏನು ಬಂತು? ಅದು ಇನ್ನೊಬ್ಬರ ದುಡ್ಡು.

ಹಕ್ಕಲು ಬಿಡುವ ನಿಯಮವೂ ಅದೇ ಅಧ್ಯಾಯದಲ್ಲಿದೆ. ಹೊಲದಲ್ಲಿ ಮರೆತ ಸಿವುಡಿಗೆ ಹಿಂದಿರುಗಿ ಹೋಗಬೇಡ, ಅದು ಪರದೇಶಿಗೆ, ಅನಾಥನಿಗೆ, ವಿಧವೆಗೆ. ಹಕ್ಕಲು ಆರಿಸಲು ಹೋದ ಪರದೇಶದ ವಿಧವೆ ರೂತಳ ಕತೆ ನಡೆಯುವುದು ಇಂಥ ಹೊಲದಲ್ಲೇ. ಕಾಫಿ ತೋಟದಲ್ಲಿ ಇದನ್ನು ಹಾಗೆಯೇ ಮಾಡಲು ಆಗುವುದಿಲ್ಲ. ಉದುರಿದ ಕಾಯಿ ಬಿಟ್ಟರೆ ಕಾಯಿಕೊರಕ ಹೆಚ್ಚುತ್ತದೆ, ಆರಿಸಲೇಬೇಕು. ಆದರೆ ಆರಿಸಿದ ಉದುರು ಕಾಯಿಯನ್ನು ಆರಿಸಿದವರಿಗೇ ಬಿಡಬಹುದಲ್ಲ. ತೋಟದ ಹಲಸು, ಬೆಣ್ಣೆಹಣ್ಣು, ಒಣಗಿದ ಸೌದೆಗೂ ಕಾವಲು ಹಾಕದೆ ಇರಬಹುದು.

ಕೊಟ್ಟದ್ದು ಎಲ್ಲಿ ಹೋಯಿತು?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಮತ್ತಾಯ 6 ಹೇಳುತ್ತದೆ. ಹಾಗಿದ್ದರೂ ಫ್ಯಾನಿನ ರೆಕ್ಕೆ ಮೇಲೆ, ಬೆಂಚಿನ ಬೆನ್ನಿಗೆ, ಮೈಕ್ ಸ್ಟ್ಯಾಂಡಿಗೆ ದಾನಿಗಳ ಹೆಸರು ಬರೆಸುವ ಚಟ ನಮಗೆ ಬಿಟ್ಟಿಲ್ಲ. ವಿಚಿತ್ರ ಏನೆಂದರೆ ಇದೇ ವಚನವನ್ನು ಕೆಲವರು ಲೆಕ್ಕ ಕೇಳಿದಾಗ ಹೇಳುತ್ತಾರೆ. ಗುಟ್ಟು ಇರಬೇಕಾದ್ದು ಕೊಟ್ಟವನ ಹೆಸರು. ಖರ್ಚಿನ ಪಟ್ಟಿಯಲ್ಲ. ಪೌಲ ಚಂದಾ ಹಣವನ್ನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆಯೂ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣವನ್ನೂ ಬರೆದ.

ಕಥೋಲಿಕ ಕಾನೂನಿನಲ್ಲಿ ಪ್ರತಿ ಧರ್ಮಕೇಂದ್ರಕ್ಕೂ (ಪ್ಯಾರಿಷ್) ಹಣಕಾಸು ಸಮಿತಿ ಇರಲೇಬೇಕು, 537ನೇ ವಿಧಿ. ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೆ ಕೊಡಬೇಕು ಎಂದು 1287 ಹೇಳುತ್ತದೆ. ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಅದಕ್ಕೇ ಬಳಸಬೇಕು ಎಂದು 1267. ಬೇರೆ ಸಭೆಗಳಲ್ಲೂ ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವ ಪದ್ಧತಿ ಇದೆ. ಹೋಗಿ ಕೂತು ಕೇಳಿ. ಕಾಣಿಕೆಯನ್ನು ಇಬ್ಬರಾದರೂ ಸೇರಿ ಎಣಿಸುತ್ತಾರಾ? ಪಾಸ್ಟರ್ ಮನೆಯವರೇ ಖಜಾಂಚಿಯಾ? ಬಡವರಿಗೆ ಅಂತ ಬಜೆಟ್‌ನಲ್ಲಿ ಒಂದು ಸಾಲು ಇದೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಸಭೆಯ ಅರ್ಧ ಆರೋಗ್ಯ ಗೊತ್ತಾಗುತ್ತದೆ. ಪೂರ್ತಿ ಪಾಲನ್ನು ಒಂದೇ ಕಡೆ ಹಾಕಬೇಕು ಎಂದೂ ಇಲ್ಲ. ಮೋಶೆಯ ಕಾಲದಲ್ಲೇ ಅದು ಆರಾಧನೆಗೆ, ಹಬ್ಬಕ್ಕೆ, ಬಡವರಿಗೆ ಎಂದು ಹಂಚಿಹೋಗುತ್ತಿತ್ತು.

ಕೊನೆಗೆ ಕಾನೂನಿನ ಎರಡು ವಿಷಯ. ಚರ್ಚಿನ ಆರಾಧನೆಗೆ ಕೊಟ್ಟ ಕಾಣಿಕೆಗೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. 80ಜಿ ಎಂದು ನಾವು ಕರೆಯುವ ವಿನಾಯಿತಿ ಪೂರ್ತಿ ಧಾರ್ಮಿಕ ಉದ್ದೇಶಕ್ಕೆ, ಒಂದೇ ಸಮುದಾಯದ ಲಾಭಕ್ಕೆ ಇರುವ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. ಎಲ್ಲರಿಗೂ ತೆರೆದಿರುವ, ನೋಂದಣಿ ಆದ ಆಸ್ಪತ್ರೆ ಅಥವಾ ಅನಾಥಾಲಯಕ್ಕೆ ಕೊಟ್ಟರೆ ಸಿಗಬಹುದು. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2,000 ರೂಪಾಯಿ ಮೀರಿದ ನಗದು ಲೆಕ್ಕಕ್ಕೆ ಬರುವುದಿಲ್ಲ, ಚೆಕ್ ಅಥವಾ ಯುಪಿಐನಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಇನ್ನೊಂದು ವಿಲ್. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಸೆಕ್ಷನ್ ಕ್ರೈಸ್ತರಿಗೆ ಒಂದು ಕಟ್ಟು ಹಾಕಿತ್ತು. ಹತ್ತಿರದ ಸಂಬಂಧಿಕರು ಇರುವವರು ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ ಸಾಯುವುದಕ್ಕೆ ಕನಿಷ್ಠ 12 ತಿಂಗಳು ಮುಂಚೆ ವಿಲ್ ಮಾಡಿರಬೇಕಿತ್ತು. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ರದ್ದು ಮಾಡಿತು. ಈಗ ಆ ತಡೆ ಇಲ್ಲ. ಬರೆಯುವವರು ಮನೆಯವರಿಗೆ ಮೊದಲೇ ಹೇಳಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿಬಿಟ್ಟರೆ ಮುಂದೆ ಜಗಳ ಕಡಿಮೆ.